ಪಿಜಿ ರೂಮಿನಲ್ಲಿ ನಮಗಿರೋ ಬಾಗಿಲು

ಬೆಂಗಳೂರಿನ ವಿಜಯನಗರದ ಯಾವ ರೀಡಿಂಗ್ ರೂಮಿಗೆ ಬೇಕಾದರೂ ಹೋಗಿ ನೋಡಿ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಾ ಕೂತವರ ಕಿವಿಯಲ್ಲಿ ಹೆಡ್‌ಫೋನೋ ಇಯರ್‌ಫೋನೋ ಏನೋ ಒಂದು ಸಿಕ್ಕಿಕೊಂಡಿರುತ್ತದೆ. ಎಷ್ಟೋ ಸಲ ಅದರಲ್ಲಿ ಏನೂ ಓಡುತ್ತಿರುವುದಿಲ್ಲ. ನಾನೂ ಹಾಗೇ, ಸುಮ್ನೆ ಹಾಕಿಕೊಂಡು ಕೂರುತ್ತೇನೆ. "ಮಗಾ, ಟೀ ಕುಡ್ಯೋಣ ಬಾ" ಅಂತ ಗಂಟೆಗೊಬ್ಬರು ಬಂದು ಕರೆಯದೇ ಇರಲಿ ಅಂತ.

"ಯಾವಾಗ ನೋಡಿದ್ರೂ ಕಿವಿಗೆ ಅದೊಂದು" ಅಂತ ಅಮ್ಮ ಬೈಯುತ್ತಾಳೆ. ಅವಳು ನಮ್ಮ ಪಿಜಿ ನೋಡಿಲ್ಲ. ತ್ರೀ ಶೇರಿಂಗ್ ರೂಮು, ಮೂರು ಮಂಚ, ಒಂದು ಕಿಟಕಿ. ಒಬ್ಬ ಊರಿಗೆ ವಿಡಿಯೋ ಕಾಲ್ ಮಾಡುತ್ತಿರುತ್ತಾನೆ, ಇನ್ನೊಬ್ಬ ಸ್ಪೀಕರಿನಲ್ಲೇ ರೀಲ್ಸ್ ನೋಡುತ್ತಾನೆ, ಅದೂ ಪ್ರತಿಯೊಂದನ್ನೂ ಹತ್ತು ಸೆಕೆಂಡಿಗೇ ತಳ್ಳುತ್ತಾ. ಕೆಳಗಡೆ ಅಡುಗೆಮನೆ, ಬೆಳಗ್ಗೆ ಐದೂವರೆಗೆಲ್ಲ ಚಟ್ನಿಗೆ ಮಿಕ್ಸಿ ಶುರು. ಇಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಇರಬೇಕು ಅಂದರೆ ಇರೋ ಬಾಗಿಲು ಹೆಡ್‌ಫೋನ್ ಒಂದೇ.

ಮಜಾ ಏನಂದರೆ, ಗಣೇಶನ ಮೆರವಣಿಗೆಯಲ್ಲಿ ತಮಟೆ ಮುಂದೆ ಕುಣಿಯುವಾಗ ನನಗೆ ಏನೂ ಅನ್ನಿಸುವುದಿಲ್ಲ. ಅದೇ ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟ್ ಚಿಪ್ಸ್ ಪ್ಯಾಕೆಟ್ ಪರಪರ ಅನ್ನಿಸಿದರೆ ತಲೆ ಕೆಡುತ್ತದೆ. ಸದ್ದು ಎಷ್ಟು ಅನ್ನೋದಕ್ಕಿಂತ ಅದನ್ನ ನಿಲ್ಲಿಸೋದು ನನ್ನ ಕೈಲಿದೆಯಾ ಅನ್ನೋದೇ ದೊಡ್ಡದು. "ಇದ್ದೂ ಇದ್ದೂ ಅಭ್ಯಾಸ ಆಗುತ್ತೆ ಬಿಡು" ಅನ್ನುವವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದ ನೀಲ್ ವೈನ್‌ಸ್ಟೀನ್ ಅನ್ನೋ ಮನಶ್ಶಾಸ್ತ್ರಜ್ಞ ಕಾಲೇಜು ಹಾಸ್ಟೆಲಿನ ಹುಡುಗ ಹುಡುಗಿಯರ ಮೇಲೆ ಒಂದು ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದರು. ಸದ್ದು ಸಹಿಸಲಾಗದ ಸ್ವಭಾವದವರಿಗೆ ವರ್ಷ ಕಳೆದಂತೆ ಅಭ್ಯಾಸ ಆಗಲಿಲ್ಲ, ಕಿರಿಕಿರಿ ಇನ್ನೂ ಜಾಸ್ತಿಯೇ ಆಯಿತು. ನನಗಂತೂ ಇದು ಓದಿ ಸಮಾಧಾನ ಆಯಿತು.

ನಮ್ಮಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ, ಮನೆಗಳಿರೋ ಕಡೆ ರಾತ್ರಿ 45 ಡೆಸಿಬಲ್ ಮಿತಿ. ಬೀದಿಯ ಲೌಡ್‌ಸ್ಪೀಕರಿಗೆ ಅದನ್ನ ತೋರಿಸಬಹುದು. ಪಕ್ಕದ ಮಂಚದವನಿಗೆ ತೋರಿಸೋಕಾಗುತ್ತಾ?

ನಾಯ್ಸ್ ಕ್ಯಾನ್ಸಲೇಶನ್, ಅಂದರೆ ಹೊರಗಿನ ಸದ್ದು ಅಡಗಿಸೋ ಹೆಡ್‌ಫೋನ್ ತಗೋ ಅಂತಾರೆ. ತಗೊಂಡೆ. ಫ್ಯಾನು, ಬಸ್ಸಿನ ಎಂಜಿನ್ನು, ಹೀಗೆ ಒಂದೇ ಸಮ ಗುಂಯ್ ಅನ್ನೋದನ್ನ ಅದು ಚೆನ್ನಾಗಿ ಅಡಗಿಸುತ್ತದೆ. ಮನುಷ್ಯರ ಮಾತಿನ ಮುಂದೆ ಅದರ ಆಟ ಅಷ್ಟು ನಡೆಯುವುದಿಲ್ಲ. ಫ್ಯಾನ್ ಸದ್ದು ಹೋದ ಮೇಲೆ ಪಕ್ಕದವನ ಮಾತು ಇನ್ನೂ ಬಿಡಿಬಿಡಿಯಾಗಿ ಕೇಳುತ್ತದೆ! ಆಗ ಕೈ ತಾನಾಗೇ ವಾಲ್ಯೂಮ್ ಬಟನ್ನಿಗೆ ಹೋಗುತ್ತದೆ. ಕಿವಿ ಹಾಳಾಗೋದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. ಬರೀ 3 ಡೆಸಿಬಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ, 90ಕ್ಕೆ ಹೋದರೆ ವಾರಕ್ಕೆ ನಾಲ್ಕೇ ಗಂಟೆ. ನಾವು ಒಂದು ದಿನದಲ್ಲೇ ಅದನ್ನ ಮುಗಿಸಿರುತ್ತೇವೆ. ಹೆಡ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಕುಂಯ್ ಅಂತಿದ್ದರೆ ತಮಾಷೆ ಮಾಡಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.

ನನಗೆ ಜಾಸ್ತಿ ಯೋಚನೆ ಆಗೋದು ರಾತ್ರಿಯ ಕೇಳುವಿಕೆ ಬಗ್ಗೆ. ಎರಡು ಸಲ ಪ್ರಿಲಿಮ್ಸ್‌ನಲ್ಲೇ ಫೇಲಾದ ಗೆಳೆಯನೊಬ್ಬ ಹಾಡು ಹಾಕಿಕೊಳ್ಳದೆ ಮಲಗುವುದೇ ಇಲ್ಲ. "ತೆಗೆದ್ರೆ ತಲೇಲಿ ಅಪ್ಪನ ಸಾಲ, ಪರೀಕ್ಷೆ ನೋಟಿಫಿಕೇಶನ್ನು, ವಯಸ್ಸಿನ ಮಿತಿ, ಎಲ್ಲಾ ಒಟ್ಟಿಗೆ ಮಾತಾಡ್ತಾವೆ ಕಣೋ" ಅಂದ. ಇವನು ತಪ್ಪಿಸಿಕೊಳ್ಳುತ್ತಿರುವ ಸದ್ದು ರೂಮಿನದಲ್ಲ. ಹಾಡಿನಿಂದ ಅವನಿಗೆ ಹೀಗಾಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪಲ್ಲ, ಆದರೆ ಇಡೀ ದಿನ ಕಿವಿ ಮುಚ್ಚಿಕೊಂಡಿದ್ದವನ ಹತ್ತಿರ "ಹೇಗಿದ್ದೀಯೋ" ಅಂತ ಕೇಳೋಕೆ ಯಾರಿಗೂ ಸಂದು ಸಿಗೋದಿಲ್ಲ, ಅದಂತೂ ನಿಜ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಫೋನಿಗೆ ಹಾಕಿಕೊಟ್ಟಿದ್ದೇನೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇನ್ನೂ ಮಾಡಿಲ್ಲ. ಸಂಜೆ ಮಾತ್ರ ಇಬ್ಬರೂ ಫೋನ್ ರೂಮಲ್ಲೇ ಬಿಟ್ಟು ಟೀ ಅಂಗಡಿಗೆ ಹೋಗುತ್ತೇವೆ, ಅವನು ಕಟ್‌ಆಫ್ ಬಗ್ಗೆ ಬಿಟ್ಟು ಬೇರೆ ಏನಾದರೂ ಮಾತಾಡಿದರೆ ಬಿಲ್ಲು ನಂದು.