ಮಳೆಗೆ ಉಬ್ಬಿದ ಕೋವಿಮರ

ಕೊಡವರು ಕೋವಿ, ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಹದಿನೈದು ದಿನ ಬಾಕಿ ಇತ್ತು. ಮಳೆ ಸ್ವಲ್ಪ ಬಿಟ್ಟಿದೆ ಅಂತ .22 ರೈಫಲ್ ಹಿಡಿದು ಶೂಟಿಂಗ್ ರೇಂಜಿಗೆ ಹೋದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮೊದಲು ಒಮ್ಮೆ ಗುರಿ ನೋಡಿಕೊಳ್ಳಬೇಕಲ್ವಾ? ಮೇ ತಿಂಗಳಲ್ಲಿ ಇದೇ ಕೋವಿ 50 ಮೀಟರಿಗೆ ಐದು ಗುಂಡನ್ನೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂರಿಸಿತ್ತು. ಈಗ ಐದೂ ಬಲಕ್ಕೆ ಹೋಗಿದ್ದವು, ಅದೂ ಅಂಗೈ ಅಗಲಕ್ಕೆ ಚೆದುರಿಕೊಂಡು.

ಸ್ಕೋಪಿನ ಸ್ಕ್ರೂ ನೋಡಿದೆ, ಬಿಗಿಯಾಗಿತ್ತು. ಗುಂಡು ಅದೇ ಹಳೆಯ ಡಬ್ಬಿಯದು. ಗೆಳೆಯನೊಬ್ಬನಿಗೆ ಕೊಟ್ಟು ಹೊಡೆಸಿದೆ, ಅವನದ್ದೂ ಬಲಕ್ಕೇ ಹೋಯಿತು. ಹಾಗಾದರೆ ಕೈಯ ತಪ್ಪಲ್ಲ ಅಂತ ಗೊತ್ತಾಯಿತು.

ಮನೆಗೆ ಬಂದು ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆ ಅಂತ ಇನ್ನೊಮ್ಮೆ ನೋಡಿ, ಹತ್ತು ರೂಪಾಯಿ ನೋಟೊಂದನ್ನು ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ತೂರಿಸಿ ಹಿಂದಕ್ಕೆ ಎಳೆದೆ. ಮರ ತಾಗದಿದ್ದರೆ ಅದು ಸಲೀಸಾಗಿ ಓಡಬೇಕಿತ್ತು, ನಾಲ್ಕು ಬೆರಳು ದೂರ ಹೋಗಿ ನಿಂತಿತು. ಸ್ಟಾಕ್, ಅಂದರೆ ಕೋವಿಯ ಮರದ ಭಾಗ, ಬಿಚ್ಚಿ ನೋಡಿದರೆ ಒಳಗೆ ಎಡಭಾಗದಲ್ಲಿ ಹುಣಸೆ ಬೀಜದಷ್ಟು ಜಾಗ ಉಜ್ಜಿ ಉಜ್ಜಿ ಕಪ್ಪಗೆ ಹೊಳೆಯುತ್ತಿತ್ತು. ಮರ ನಳಿಗೆಯನ್ನು ಅಲ್ಲಿಂದ ಬಲಕ್ಕೆ ಒತ್ತುತ್ತಿತ್ತು.

ಮರ ನೀರು ಕುಡಿದರೆ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಉಬ್ಬುವುದೆಲ್ಲ ಅಡ್ಡಕ್ಕೆ. ಮಳೆಗಾಲದಲ್ಲಿ ಬಾಗಿಲು ಹಾಕಲು ಒದ್ದಾಡುವ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡು ಹಾರುವಾಗ ನಳಿಗೆ ತಂತಿಯ ಹಾಗೆ ಅದುರುತ್ತದೆ. ಆ ಅದುರು ಪ್ರತಿ ಸಲವೂ ಒಂದೇ ಥರ ಇದ್ದರೆ ಗುಂಡೂ ಒಂದೇ ಕಡೆ ಹೋಗುತ್ತದೆ. ಒಂದು ಕಡೆ ಮರ ತಾಗಿ, ಆ ಒತ್ತಡ ತೇವಕ್ಕೆ, ಬಿಸಿಗೆ, ಕೈ ಹಿಡಿತಕ್ಕೆ ತಕ್ಕಂತೆ ಬದಲಾಗುತ್ತಿದ್ದರೆ ಎಷ್ಟು ಒಳ್ಳೆಯ ನಳಿಗೆಯೂ ಏನು ಮಾಡೀತು?

ಪ್ಲಾಸ್ಟಿಕ್ ಸ್ಟಾಕ್ ಹಾಕಿಸು, ಕಥೆ ಮುಗಿಯಿತು ಅಂದ ಗೆಳೆಯ. ನನಗೆ ಒಪ್ಪಿಗೆಯಾಗಲಿಲ್ಲ. ಅಗ್ಗದ ಪ್ಲಾಸ್ಟಿಕ್ಕಿಗೆ ನೀರಿನ ಭಯ ಇಲ್ಲ ನಿಜ, ಆದರೆ ಮುಂಭಾಗ ಮೆತ್ತಗೆ. ಗುರಿ ಹಿಡಿಯಲು ಮರಳುಚೀಲದ ಮೇಲೆ ಊರಿದರೆ ಬಾಗಿ ನಳಿಗೆಗೆ ತಾಗುತ್ತದೆ. ತೆಳು ಹಲಗೆಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಸ್ಟಾಕ್ ನಿಜಕ್ಕೂ ಒಳ್ಳೆಯದು, ಸುಲಭಕ್ಕೆ ಸೊಟ್ಟಗಾಗುವುದಿಲ್ಲ, ಆದರೆ ತೂಕ ಜಾಸ್ತಿ. ಇದು ಅಪ್ಪ ಹಿಡಿದ ಮರ. ಇದನ್ನೇ ಸರಿಮಾಡಿಸೋಣ ಅಂತ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಹೋದೆ.

ಅವರು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ಮೊದಲು ಮರವನ್ನು ಒಲೆಯಿಂದ ದೂರ, ಬೆಚ್ಚಗಿನ ಕೋಣೆಯಲ್ಲಿ ಕೆಲವು ದಿನ ಒಣಗಿಸಿದರು. ಆಮೇಲೆ ದುಂಡು ಕೋಲಿಗೆ ಮರಳುಕಾಗದ ಸುತ್ತಿ ನಳಿಗೆ ಕೂರುವ ಕಾಲುವೆಯನ್ನು ನಿಧಾನಕ್ಕೆ ಉಜ್ಜಿದರು, ಎರಡು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ಸಲೀಸಾಗಿ ಓಡುವಷ್ಟು. ಆಕ್ಷನ್, ಅಂದರೆ ಬೋಲ್ಟ್ ಓಡಾಡುವ ಕಬ್ಬಿಣದ ಭಾಗ, ಅಲುಗದೆ ಕೂರಲಿ ಅಂತ ಅದು ಕೂರುವ ಜಾಗದಲ್ಲಿ ಮರ ತುಸು ಕೆತ್ತಿ ಅರಾಲ್ಡೈಟ್ ಅಂಟು ತುಂಬಿದರು. ಕಬ್ಬಿಣಕ್ಕೆ ಮೊದಲೇ ಬೂಟ್ ಪಾಲಿಶ್ ಬಳಿದಿದ್ದರು, ತೂತುಗಳಿಗೆಲ್ಲ ಮಕ್ಕಳು ಆಡುವ ಬಣ್ಣದ ಜೇಡಿ ಮೆತ್ತಿದ್ದರು. ಅದೊಂದು ಮರೆತರೆ ಕೋವಿ ಮರಕ್ಕೇ ಅಂಟಿಕೊಳ್ಳುತ್ತದೆ, ಬಿಡಿಸುವುದು ದೇವರಿಗೇ ಗೊತ್ತು. ಸ್ಕ್ರೂಗಳನ್ನು ಬಿಗಿಯದೆ ಸುಮ್ನೆ ಕೂರುವಷ್ಟು ತಿರುಗಿಸಿ, ಒಂದು ದಿನ ಪೂರ್ತಿ ಮುಟ್ಟದೆ ಬಿಟ್ಟರು. ಮಾರನೆಯ ದಿನ ಟಪ್ ಅಂತ ಬಿಟ್ಟುಕೊಂಡಿತು. ಒಳಗೆ ಆಕ್ಷನ್ನಿನ ಅಚ್ಚು ಎಷ್ಟು ಚೆನ್ನಾಗಿ ಮೂಡಿತ್ತೆಂದರೆ ಸಣ್ಣ ಗೀರೂ ಕಾಣುತ್ತಿತ್ತು. ಕೊನೆಗೆ ಒಳಗಿನ ಬರಿಮರಕ್ಕೆಲ್ಲ ವಾರ್ನಿಶ್ ಹೊಡೆದರು. ನಾವು ಯಾವಾಗಲೂ ಹೊರಗೆ ಮಾತ್ರ ಎಣ್ಣೆ ಹಚ್ಚುತ್ತೇವೆ. ನೀರು ಹೋಗುವುದು ಒಳಗಿಂದ.

ಸೈನ್ಯದಿಂದ ನಿವೃತ್ತರಾದ ಮಾವ ಮಾತ್ರ ಒಪ್ಪದೆ ತಲೆಯಾಡಿಸಿದರು. ಅವರ ಕಾಲದ .303 ರೈಫಲಿನಲ್ಲಿ ಮುಂಭಾಗದ ಮರದೊಳಗೆ ಸ್ಪ್ರಿಂಗ್ ಇಟ್ಟು ನಳಿಗೆಯನ್ನು ಬೇಕೆಂದೇ ಮೇಲಕ್ಕೆ ಒತ್ತುತ್ತಿದ್ದರು. ಅದೂ ಸರಿಯೇ. ಅಲ್ಲಿ ಒತ್ತುವುದು ಸ್ಪ್ರಿಂಗ್, ಅದಕ್ಕೆ ಒಂದು ಲೆಕ್ಕ ಇದೆ. ನನ್ನ ಕೋವಿಯಲ್ಲಿ ಒತ್ತುತ್ತಿದ್ದದ್ದು ಮಳೆ.

ಹಬ್ಬಕ್ಕೆ ಮೂರು ದಿನ ಮೊದಲು, ಜಿಟಿಜಿಟಿ ಮಳೆಯಲ್ಲೇ ಮತ್ತೆ ರೇಂಜಿಗೆ ಹೋದೆ. ಸ್ಕೋಪ್ ಹೊಂದಿಸಲು ಆರು ಗುಂಡು ಹೋಯಿತು. ಆಮೇಲಿನ ಐದರಲ್ಲಿ ನಾಲ್ಕು ಒಂದಕ್ಕೊಂದು ತಾಗಿಕೊಂಡು ಬಿದ್ದವು. ಐದನೆಯದು ಒಂದು ಬೆರಳು ಕೆಳಗೆ, ಅದು ನಾನು ಟ್ರಿಗರ್ ಎಳೆದ ರೀತಿಗೆ. ಆ ಕಾಗದ ಒದ್ದೆಯಾಗಿತ್ತು. ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದೆ.