ಡೂಪ್ಲಿಕೇಟ್ ಗ್ರಾಹಕರು: ತಪ್ಪು ಟೈಪ್ ಮಾಡುವವರದ್ದಲ್ಲ

ಗ್ರಾಹಕರ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಕೆಲಸ. ಒಬ್ಬರದೇ ದಾಖಲೆ ಎರಡು ಮೂರು ಆಗಿದೆ ಅನ್ನುವ ದೂರು ಬಂದಾಗಲೆಲ್ಲ ಮೀಟಿಂಗ್‌ನಲ್ಲಿ ಮೊದಲು ಬರುವ ಮಾತು ಒಂದೇ: ಎಂಟ್ರಿ ಮಾಡುವವರು ಸರಿಯಾಗಿ ನೋಡುವುದಿಲ್ಲ, ಅವರಿಗೆ ಟ್ರೈನಿಂಗ್ ಕೊಡಿ. ನಾನು ಇದನ್ನು ಒಪ್ಪುವುದಿಲ್ಲ. ಎಂಟ್ರಿ ಮಾಡುವವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿ. ಎದುರಿಗೆ ಗ್ರಾಹಕರು ಕಾಯುತ್ತಿದ್ದಾರೆ, ಅವರ ಹಿಂದೆ ಸಾಲು ಬೆಳೆಯುತ್ತಿದೆ. ಹುಡುಕುವ ಪರದೆಯಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಸಿಗುತ್ತದೆ, ಅದೂ ನಿಧಾನಕ್ಕೆ. ಪಕ್ಕದಲ್ಲೇ 'ಹೊಸ ಗ್ರಾಹಕ' ಅನ್ನುವ ಬಟನ್ ಇದೆ, ಒತ್ತಿದ ತಕ್ಷಣ ಖಾಲಿ ಫಾರ್ಮ್ ತೆರೆಯುತ್ತದೆ. ಯಾರೇ ಆದರೂ ಯಾವುದನ್ನು ಒತ್ತುತ್ತಾರೆ ಹೇಳಿ? ಹಳೆಯದನ್ನು ಹುಡುಕುವುದಕ್ಕಿಂತ ಹೊಸದು ಮಾಡುವುದು ಸುಲಭ ಇರುವ ತನಕ ಡೂಪ್ಲಿಕೇಟ್ ಹುಟ್ಟುತ್ತಲೇ ಇರುತ್ತದೆ, ಎಷ್ಟೇ ಟ್ರೈನಿಂಗ್ ಕೊಟ್ಟರೂ.

ಹಾಗಾಗಿ ಮೊದಲು ಸರಿ ಮಾಡಬೇಕಾದದ್ದು ಹುಡುಕುವ ಪರದೆ. ಫೋನಿನ ಕೊನೆಯ ನಾಲ್ಕು ಅಂಕಿ ಹಾಕಿದರೂ ಸಿಗಬೇಕು, ಅರ್ಧ ಹೆಸರು ಹಾಕಿದರೂ ಸಿಗಬೇಕು, ಇನಿಶಿಯಲ್ ಮುಂದಿದ್ದರೂ ಹಿಂದಿದ್ದರೂ ಸಿಗಬೇಕು. ಹುಡುಕಿದ ಮೇಲಷ್ಟೇ 'ಹೊಸ ಗ್ರಾಹಕ' ಬಟನ್ ಕಾಣಿಸಲಿ. ಹುಡುಕಲು ಟೈಪ್ ಮಾಡಿದ್ದು ಹಾಗೇ ಹೊಸ ಫಾರ್ಮ್‌ಗೆ ಹೋಗಿ ಕೂರಲಿ, ಇಲ್ಲದಿದ್ದರೆ ಅದೇ ಹೆಸರನ್ನು ಮತ್ತೆ ಟೈಪ್ ಮಾಡುವ ಬೇಜಾರಿಗೇ ಜನ ಹುಡುಕುವುದನ್ನು ಬಿಡುತ್ತಾರೆ. ಹೋಲುವ ದಾಖಲೆ ಸಿಕ್ಕರೆ ಬರೀ ಹೆಸರು ತೋರಿಸಿದರೆ ಸಾಲದು. ಊರು, ಫೋನಿನ ಕೊನೆಯ ಅಂಕಿಗಳು, ಕೊನೆಯ ಬಾರಿ ಯಾವಾಗ ವ್ಯವಹಾರ ಮಾಡಿದರು, ಇಷ್ಟು ಕಂಡರೆ ಎದುರಿಗೆ ಇರುವವರು ಅವರೇನಾ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಚ್ಚರಿಕೆ ಮಾತ್ರ ಹಿತಮಿತವಾಗಿ ಕೊಡಿ. ಪ್ರತಿ ಎಂಟ್ರಿಗೂ ಹಳದಿ ಡಬ್ಬಿ ಎದ್ದು ಬಂದರೆ ಕೆಲವೇ ದಿನದಲ್ಲಿ ಎಲ್ಲರ ಕೈ ತಾನಾಗಿಯೇ 'ಮುಂದುವರಿ' ಒತ್ತುತ್ತದೆ.

ಕಡ್ಡಾಯ ಕಾಲಂಗಳ ವಿಷಯವನ್ನೂ ಇಲ್ಲೇ ಹೇಳಬೇಕು. ಫೋನ್ ಇಲ್ಲದೆ ಸೇವ್ ಆಗುವುದಿಲ್ಲ ಅಂದರೆ ಜನ 9999999999 ಹಾಕುತ್ತಾರೆ. ಹುಟ್ಟಿದ ದಿನ ಕಡ್ಡಾಯ ಅಂದರೆ 1900ರ ಜನವರಿ 1 ಬರುತ್ತದೆ. ಆಮೇಲೆ ಹೋಲಿಕೆ ನೋಡುವ ಪ್ರೋಗ್ರಾಂ ಓಡಿಸಿದಾಗ ಸಂಬಂಧವೇ ಇಲ್ಲದ ಜನರೆಲ್ಲ ಒಬ್ಬರೇ ಅಂತ ಕಾಣುತ್ತಾರೆ. ಕೊಡದಿದ್ದರೆ ಖಾಲಿ ಇರಲಿ. ಸುಳ್ಳು ಡೇಟಾಕ್ಕಿಂತ ಖಾಲಿ ಜಾಗ ಎಷ್ಟೋ ವಾಸಿ.

ಇನ್ನು ಒಂದೇ ಮಾಹಿತಿ ಬೇರೆ ಬೇರೆ ರೂಪದಲ್ಲಿ ಬರುವ ಕಷ್ಟ. ಇದಕ್ಕೆ ನಾನು ಪಾಲಿಸುವ ನಿಯಮ: ಗ್ರಾಹಕರು ಕೊಟ್ಟದ್ದು ಒಂದು ಕಾಲಂನಲ್ಲಿ ಹಾಗೇ ಇರಲಿ, ಹೋಲಿಸಲು ಸ್ವಚ್ಛ ಮಾಡಿದ ರೂಪ ಇನ್ನೊಂದರಲ್ಲಿ ಇರಲಿ. ಫೋನ್ ನಂಬರಿಗೆ ಇ.164 ಅನ್ನುವ ಅಂತರರಾಷ್ಟ್ರೀಯ ಮಾದರಿ ಇದೆ. ದೇಶದ ಕೋಡ್ ಸೇರಿ ಹೆಚ್ಚೆಂದರೆ 15 ಅಂಕಿ, ನಡುವೆ ಸ್ಪೇಸ್ ಇಲ್ಲ, ಗೆರೆ ಇಲ್ಲ. ಎಲ್ಲವನ್ನೂ ಅದಕ್ಕೆ ತಂದರೆ ಅರ್ಧ ತಲೆನೋವು ಹೋಗುತ್ತದೆ. ಇಮೇಲ್‌ನಲ್ಲಿ ಸುತ್ತಲಿನ ಸ್ಪೇಸ್ ತೆಗೆದು ಎಲ್ಲವನ್ನೂ ಸಣ್ಣ ಅಕ್ಷರ ಮಾಡಿ ಹೋಲಿಸಿ. ಜಿಮೇಲ್ ವಿಳಾಸದಲ್ಲಿ ಚುಕ್ಕಿ ಇದ್ದರೂ ಇಲ್ಲದಿದ್ದರೂ ಒಂದೇ ಪೆಟ್ಟಿಗೆಗೆ ಹೋಗುತ್ತದೆ ನಿಜ, ಆದರೆ ಅದು ಎಲ್ಲ ಕಂಪನಿಗಳ ಇಮೇಲ್‌ಗೂ ಅನ್ವಯಿಸುವುದಿಲ್ಲ. ಸುಮ್ನೆ ಎಲ್ಲ ಕಡೆ ಚುಕ್ಕಿ ತೆಗೆದರೆ ಇಬ್ಬರು ಬೇರೆ ಬೇರೆ ಜನ ಒಬ್ಬರಾಗಿಬಿಡುತ್ತಾರೆ.

ಕನ್ನಡದಲ್ಲಿ ಹೆಸರು ಇಟ್ಟುಕೊಳ್ಳುವವರು ಯೂನಿಕೋಡ್ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕೋಡ್ ಕೊಡುವ ಪದ್ಧತಿ) ಕಡೆಗೂ ಗಮನ ಕೊಡಲೇಬೇಕು. 'ಕೊ' ಅನ್ನುವುದನ್ನು ಒಂದೇ ಸ್ವರ ಚಿಹ್ನೆಯ ಕೋಡ್‌ನಿಂದ ಬರೆಯಬಹುದು, 'ಕೆ'ಯ ಚಿಹ್ನೆ ಮತ್ತು 'ಕೂ'ವಿನ ಚಿಹ್ನೆ ಎರಡನ್ನೂ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎನ್‌ಎಫ್‌ಸಿ ಅನ್ನುವ ನಾರ್ಮಲೈಸೇಷನ್ ಮಾಡಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಆದರೆ 'ಪ್ರೇಮ್‌ಕುಮಾರ್' ಎಂದು ಬರೆಯುವಾಗ ನಡುವೆ ಕೂತು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ ಅಕ್ಷರವನ್ನು ಅದು ತೆಗೆಯುವುದಿಲ್ಲ. ಅದನ್ನು ನಾವೇ ತೆಗೆಯಬೇಕು. ಹೋಲಿಸುವ ಕಾಲಂನಲ್ಲಿ ಮಾತ್ರ ತೆಗೆಯಿರಿ. ತೋರಿಸುವ ಹೆಸರಿನಲ್ಲಿ ತೆಗೆದರೆ ಅದು 'ಪ್ರೇಮ್ಕುಮಾರ್' ಆಗುತ್ತದೆ, ಅವರ ಹೆಸರನ್ನು ಕೆಡಿಸಿದ ಹಾಗೆ, ಅಲ್ವಾ.

ಪರದೆ ಎಷ್ಟು ಚೆನ್ನಾಗಿದ್ದರೂ ಕೊನೆಯ ಕಾವಲು ಡೇಟಾಬೇಸ್‌ನಲ್ಲೇ ಇರಬೇಕು. ಇದರ ಬಗ್ಗೆ ಹೊಸದಾಗಿ ಸೇರಿದ ಪ್ರೋಗ್ರಾಮರ್‌ಗಳ ಜೊತೆ ನಾನು ಜಾಸ್ತಿ ಮಾತಾಡುತ್ತೇನೆ. 'ಮೊದಲು ಸೆಲೆಕ್ಟ್ ಮಾಡಿ ನೋಡುತ್ತೇವೆ, ಇಲ್ಲದಿದ್ದರೆ ಇನ್ಸರ್ಟ್ ಮಾಡುತ್ತೇವೆ' ಅನ್ನುತ್ತಾರೆ, ಅಂದರೆ ಮೊದಲು ಹುಡುಕುವುದು, ಸಿಗದಿದ್ದರೆ ಹೊಸದು ಸೇರಿಸುವುದು. ಒಂದೇ ಕ್ಷಣದಲ್ಲಿ ಎರಡು ರಿಕ್ವೆಸ್ಟ್ ಬಂದರೆ ಎರಡೂ ನೋಡುತ್ತವೆ, ಎರಡಕ್ಕೂ ಏನೂ ಸಿಗುವುದಿಲ್ಲ, ಎರಡೂ ಇನ್ಸರ್ಟ್ ಮಾಡುತ್ತವೆ. ಇದು ಅಪರೂಪ ಅಂದುಕೊಳ್ಳಬೇಡಿ. ನೆಟ್‌ವರ್ಕ್ ನಿಧಾನವಾದರೆ ಮೊಬೈಲ್ ಆ್ಯಪ್ ತಾನೇ ಮತ್ತೊಮ್ಮೆ ಕಳಿಸುತ್ತದೆ, ಮನುಷ್ಯರು ಬಟನ್ ಎರಡು ಸಲ ಒತ್ತುತ್ತಾರೆ. ಒಮ್ಮೆ ಒತ್ತಿದ ಬಟನ್ ಮತ್ತೆ ಒತ್ತಲಾಗದಂತೆ ಮಂಕು ಮಾಡುವುದು ಒಳ್ಳೆಯದೇ, ಆದರೆ ಆ್ಯಪ್ ತಾನೇ ಮರುಕಳಿಸುವುದನ್ನು ಅದು ತಡೆಯುವುದಿಲ್ಲ. ಯೂನಿಕ್ ಇಂಡೆಕ್ಸ್ (ಒಂದೇ ಮಾಹಿತಿ ಎರಡು ಸಾಲಿನಲ್ಲಿ ಬರಬಾರದು ಅನ್ನುವ ಡೇಟಾಬೇಸಿನ ನಿಯಮ) ಹಾಕಿ, ಎರಡನೆಯದನ್ನು ಡೇಟಾಬೇಸೇ ತಿರಸ್ಕರಿಸಲಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿ 2016ರಲ್ಲಿ ಬಂದ 9.5ನೇ ಆವೃತ್ತಿಯಿಂದ 'ಆನ್ ಕಾನ್‌ಫ್ಲಿಕ್ಟ್' ಇದೆ, ಮೈಎಸ್‌ಕ್ಯುಎಲ್‌ನಲ್ಲಿ 'ಆನ್ ಡೂಪ್ಲಿಕೇಟ್ ಕೀ ಅಪ್‌ಡೇಟ್' ಇದೆ. ಅದೇ ದಾಖಲೆ ಆಗಲೇ ಇದ್ದರೆ ಏನು ಮಾಡಬೇಕು ಅಂತ ಹೇಳುವ ಆದೇಶಗಳು ಇವು. ಜೊತೆಗೆ ಪ್ರತಿ ರಿಕ್ವೆಸ್ಟ್‌ಗೂ ಆ್ಯಪ್ ಕಡೆಯಿಂದ ಒಂದು ಗುರುತಿನ ಕೀ ಕಳಿಸಿದರೆ ಅದೇ ರಿಕ್ವೆಸ್ಟ್ ಮತ್ತೆ ಬಂದಾಗ ಹಳೆಯ ಉತ್ತರವನ್ನೇ ವಾಪಸ್ ಕೊಡಬಹುದು.

ಇದರಲ್ಲೂ ಎರಡು ಸೂಕ್ಷ್ಮ ಇದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್ ಎರಡರಲ್ಲೂ ಯೂನಿಕ್ ಕಾಲಂನಲ್ಲಿ ನಲ್ (ಏನೂ ತುಂಬದ ಖಾಲಿ ಜಾಗ) ಎಷ್ಟು ಬೇಕಾದರೂ ಇರಬಹುದು. ಮೈಕ್ರೋಸಾಫ್ಟ್‌ನ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಒಂದೇ ಒಂದು. ಒಂದರಿಂದ ಇನ್ನೊಂದಕ್ಕೆ ಹೋಗುವವರು ಇದನ್ನು ಮೊದಲೇ ನೋಡಿಕೊಳ್ಳಿ. ಇನ್ನೊಂದು, ಅಳಿಸಿದ ದಾಖಲೆಯನ್ನು ನಿಜವಾಗಿ ಅಳಿಸದೆ ಗುರುತು ಹಾಕಿ ಇಡುವ ಪದ್ಧತಿ ಇದ್ದರೆ, ಆ ಗ್ರಾಹಕರು ಮತ್ತೆ ಬಂದಾಗ ಇಂಡೆಕ್ಸ್ ಅಡ್ಡ ಬರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಅಳಿಸದ ಸಾಲುಗಳಿಗೆ ಮಾತ್ರ ಇಂಡೆಕ್ಸ್ ಹಾಕಲು ಬರುತ್ತದೆ.

ಯಾವುದರ ಮೇಲೆ ಯೂನಿಕ್ ಹಾಕಬೇಕು? ಫೋನ್ ಮೇಲೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಒಂದು ಮನೆಯವರೆಲ್ಲ ಒಂದೇ ನಂಬರ್ ಕೊಡುತ್ತಾರೆ. ಬಿಟ್ಟ ನಂಬರನ್ನು ಟೆಲಿಕಾಂ ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಪ್ರತಿ ಗ್ರಾಹಕರಿಗೂ ಹೆಸರು, ಫೋನ್ ಯಾವುದನ್ನೂ ಸೂಚಿಸದ ಒಂದು ಒಳಗಿನ ಐಡಿ ಇರಲಿ, ಫೋನ್ ಮತ್ತು ಇಮೇಲ್ ಬೇರೆ ಟೇಬಲ್‌ನಲ್ಲಿ ಇರಲಿ. ಯೂನಿಕ್ ಬೇಕಾದದ್ದು ಲಾಗಿನ್ ಆಗಲು ಬಳಸುವ, ಒಟಿಪಿಯಿಂದ ಖಚಿತವಾದ ಇಮೇಲ್ ಅಥವಾ ಫೋನಿಗೆ ಮಾತ್ರ.

ಫೈಲ್ ಇಂಪೋರ್ಟ್‌ಗೂ ಇದೇ ತಪಾಸಣೆಯ ಬಾಗಿಲು ಇರಲಿ, ಹಿಂಬಾಗಿಲು ಬೇಡ. ಎಕ್ಸೆಲ್ ಮೂಲಕ ಬರುವ ನಂಬರುಗಳಲ್ಲಿ ಮುಂದಿನ ಸೊನ್ನೆ ಹೋಗಿರುತ್ತದೆ, ಪ್ಲಸ್ ಚಿಹ್ನೆ ಹೋಗಿರುತ್ತದೆ. ಉದ್ದದ ನಂಬರ್ 9.2ಇ+11 ಥರ ಕಾಣುತ್ತಿರುವಾಗ ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳ ಫೈಲ್) ಮಾಡಿದರೆ ಅಂಕಿಗಳೇ ಕಳೆದುಹೋಗುತ್ತವೆ. ಅಂಥ ಸಾಲನ್ನು ಒಳಗೆ ಬಿಡದೆ ವಾಪಸ್ ಕಳಿಸಿ.

ಇಷ್ಟಾದರೂ ಹಳೆಯ ಡೂಪ್ಲಿಕೇಟ್ ಉಳಿದಿರುತ್ತದೆ. ಹೋಲಿಕೆ ಹುಡುಕುವ ವಿದ್ಯೆ ಹಳೆಯದು. ಫೆಲೆಗಿ ಮತ್ತು ಸಂಟರ್ ಅನ್ನುವ ಸಂಖ್ಯಾಶಾಸ್ತ್ರಜ್ಞರು 1969ರಲ್ಲೇ ಇದಕ್ಕೆ ಗಣಿತದ ಬುನಾದಿ ಹಾಕಿದರು. ಯಾವ ಕಾಲಂ ಹೊಂದಿದರೆ ಎಷ್ಟು ತೂಕ ಅಂತ ಲೆಕ್ಕ ಹಾಕಿ, ಖಚಿತ, ಅಲ್ಲ, ಮನುಷ್ಯರು ನೋಡಬೇಕು ಅಂತ ಮೂರು ಭಾಗ ಮಾಡುವ ದಾರಿ ಅದು, ಈಗಲೂ ಬಳಕೆಯಲ್ಲಿದೆ. ಒಂದು ಲಕ್ಷ ದಾಖಲೆಯಲ್ಲಿ ಪ್ರತಿಯೊಂದನ್ನೂ ಇನ್ನೊಂದರ ಜೊತೆ ಹೋಲಿಸಿದರೆ ಸುಮಾರು 500 ಕೋಟಿ ಜೋಡಿ ಆಗುತ್ತದೆ. ಅದಕ್ಕೇ ಪಿನ್‌ಕೋಡ್ ಅಥವಾ ಫೋನಿನ ಕೊನೆಯ ಅಂಕಿಗಳ ಪ್ರಕಾರ ಗುಂಪು ಮಾಡಿ ಗುಂಪಿನೊಳಗೆ ಮಾತ್ರ ಹೋಲಿಸುತ್ತಾರೆ. ಹೆಸರನ್ನು ಉಚ್ಚಾರಣೆಯಿಂದ ಹೋಲಿಸುವ ಸೌಂಡೆಕ್ಸ್ ಅನ್ನು ಮಾತ್ರ ಕಣ್ಣು ಮುಚ್ಚಿ ಬಳಸಬೇಡಿ. ಇಂಗ್ಲಿಷ್ ಉಚ್ಚಾರಣೆಗೆ ಮಾಡಿದ್ದು ಅದು, ಮೊದಲ ಪೇಟೆಂಟ್ 1918ರದ್ದು. ಬೇರೆ ಭಾಷೆಯ ಹೆಸರುಗಳಿಗೆ ಸರಿ ಹೊಂದುವುದಿಲ್ಲ.

ಎರಡು ದಾಖಲೆಗಳನ್ನು ಒಂದಾಗಿ ಸೇರಿಸುವಾಗ ಅವಸರ ಬೇಡವೇ ಬೇಡ. ಡೂಪ್ಲಿಕೇಟ್ ಇದ್ದರೆ ಒಂದೇ ಮೆಸೇಜ್ ಎರಡು ಸಲ ಹೋಗಬಹುದು, ಕಿರಿಕಿರಿ ಅಷ್ಟೇ. ತಪ್ಪಾಗಿ ಸೇರಿಸಿದರೆ ಒಬ್ಬರ ಬಿಲ್ಲು, ವಿಳಾಸ, ಖಾಸಗಿ ವಿಷಯ ಇನ್ನೊಬ್ಬರಿಗೆ ಕಾಣುತ್ತದೆ. ಅವಳಿ ಮಕ್ಕಳನ್ನು ನೆನೆಸಿಕೊಳ್ಳಿ: ಒಂದೇ ಮನೆ, ಒಂದೇ ಫೋನ್, ಹುಟ್ಟಿದ ದಿನವೂ ಒಂದೇ, ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸ. ಯಾವ ಸ್ಕೋರ್ ಹಾಕಿದರೂ ಅವರು ಒಬ್ಬರೇ ಅಂತ ಬರುತ್ತದೆ. ಸಂಶಯ ಇರುವ ಜೋಡಿಯನ್ನು ಮನುಷ್ಯರೇ ನೋಡಲಿ. ಸೇರಿಸಿದ ಮೇಲೂ ಹಳೆಯ ಐಡಿ ಅಳಿಸಬೇಡಿ. ಅದು ಹೊಸ ಐಡಿಯ ಕಡೆಗೆ ತೋರಿಸುತ್ತಿರಲಿ, ಏಕೆಂದರೆ ಹಳೆಯ ರಸೀದಿಗಳಲ್ಲಿ, ಬೇರೆ ಸಿಸ್ಟಂಗಳಲ್ಲಿ ಆ ಐಡಿ ಇನ್ನೂ ಇರುತ್ತದೆ. ಯಾರು, ಯಾವಾಗ, ಯಾವ ಮಾಹಿತಿಯ ಬದಲು ಯಾವುದನ್ನು ಉಳಿಸಿದರು ಅನ್ನುವುದು ಬೇಕಾದಾಗ ಮತ್ತೆ ಬೇರೆ ಮಾಡಲು ಸಾಕಾಗುವಷ್ಟು ವಿವರವಾಗಿ ದಾಖಲಾಗಲಿ.

ಸಾಮಾನ್ಯವಾಗಿ ಎರಡರಲ್ಲಿ ಹೊಸ ತಾರೀಖಿನ ಮಾಹಿತಿ ಉಳಿಯಲಿ ಅನ್ನುವ ನಿಯಮ ಇಡುತ್ತಾರೆ. ವಿಳಾಸಕ್ಕೆ ಅದು ಸರಿ, ಒಪ್ಪಿಗೆಯ ವಿಷಯಕ್ಕೆ ಅಲ್ಲ. ಒಂದು ದಾಖಲೆಯಲ್ಲಿ 'ಮೆಸೇಜ್ ಕಳಿಸಬೇಡಿ' ಅಂತ ಇದ್ದು, ಇನ್ನೊಂದು ಆಮೇಲೆ ಯಾರೋ ಅವಸರದಲ್ಲಿ ಮಾಡಿದ ಹೊಸ ಎಂಟ್ರಿ ಆಗಿದ್ದರೆ, ಹೊಸದು ಗೆದ್ದು ಅವರಿಗೆ ಮತ್ತೆ ಮೆಸೇಜ್ ಶುರುವಾಗುತ್ತದೆ. ಎರಡರಲ್ಲಿ ಯಾವುದರಲ್ಲೇ 'ಬೇಡ' ಅಂತ ಇದ್ದರೂ ಸೇರಿದ ಮೇಲೆ ಅದು 'ಬೇಡ' ಅಂತಲೇ ಉಳಿಯಬೇಕು, ಗ್ರಾಹಕರೇ ಬಂದು ಬದಲಿಸುವ ತನಕ.