ಅಣ್ಣ, ಇದ್ರಲ್ಲಿ ನೊರೆ ಬರ್ತಿದೆ

ಭಾನುವಾರ ಮುಳ್ಳಯ್ಯನಗಿರಿ ರಸ್ತೇಲಿ ಆಗಿದ್ದು, ಇವತ್ತು ಗುರುವಾರ, ಬಲಭುಜ ಇನ್ನೂ ನೋಯ್ತಿದೆ. ಬೆಂಗಳೂರಿಂದ ಅಕ್ಕ ಭಾವ ಬಂದಿದ್ರು. ಭಾವಂದು ಹೊಸ ಗಾಡಿ, ಅದಕ್ಕೆ ಗೀರು ಬೀಳತ್ತೆ ಅಂತ ನನ್ನ 2007ರ ಮಾಡೆಲ್ಲಲ್ಲೇ ಹೋಗೋಣ ಅಂದ್ರು. ನನ್ನ ಗಾಡಿಗೆ ಗೀರು ಬಿದ್ರೆ ಪರವಾಗಿಲ್ಲ ನೋಡಿ. ಕೈಮರ ಚೆಕ್‌ಪೋಸ್ಟ್ ದಾಟೋವರೆಗೂ ಸುಮಾರಾಗೇ ಇತ್ತು. ಮೇಲೆ ಆ ಸಣ್ಣ ರಸ್ತೆ ಗೊತ್ತಲ್ಲ, ಒಂದು ಕಡೆ ಪ್ರಪಾತ ಇನ್ನೊಂದು ಕಡೆ ಚರಂಡಿ, ಅಲ್ಲಿ ಎದುರಿಂದ ಜೀಪು ಬಂತು, ನಾನು ರಿವರ್ಸ್ ಹೋಗಿ ಜಾಗ ಕೊಡ್ಬೇಕು, ಸ್ಟೇರಿಂಗ್ ತಿರುಗಿಸ್ತೀನಿ, ಗೊರ್ರ್ ಅಂತ ಒಂದು ಸದ್ದು ಬಂದು ಅಲ್ಲೇ ಕೂತ್ಬಿಡ್ತು. ಎಂಜಿನ್ ಓಡ್ತಾನೇ ಇದೆ. ಸ್ಟೇರಿಂಗ್ ಮಾತ್ರ ರಾಗಿ ಬೀಸೋ ಕಲ್ಲು. ಹಿಂದೆ ಹತ್ತು ಗಾಡಿ ಹಾರನ್ನು. ಜೀಪ್‌ನವನು ಕಿಟಕಿಯಿಂದ ತಲೆ ಹಾಕಿ "ಇನ್ನೊಂಚೂರು ಎಳೀರಿ ಸಾರ್, ಇನ್ನೊಂಚೂರು" ಅಂತಾನೆ, ನಾನು ಎರಡೂ ಕೈಯಲ್ಲಿ ನೇತಾಡ್ತಾ ಇದ್ದೀನಿ. ಭಾವ ಇಳಿದು ಹಿಂದೆ ನೋಡಿ ಹೇಳೋದು ಬಿಟ್ಟು ಪಕ್ಕದಲ್ಲೇ ಕೂತು "ನಮ್ದ್ರಲ್ಲಿ ಈ ತಾಪತ್ರಯಾನೇ ಇಲ್ಲಪ್ಪ, ಎಣ್ಣೆ ಪಂಪು ಏನೂ ಇಲ್ಲ, ಮೋಟರೇ ತಿರುಗ್ಸತ್ತೆ" ಅಂದ್ರು. ಅಕ್ಕನ ಮುಖ ನೋಡಿ ಸುಮ್ನಾದೆ.

ನನ್ನದು ಹಳೇ ಥರದ ಪವರ್ ಸ್ಟೇರಿಂಗ್, ಎಂಜಿನ್ ಬೆಲ್ಟಿಂದ ಓಡೋ ಪಂಪು ಎಣ್ಣೆ ಒತ್ತಿ ತಿರುಗಿಸೋಕೆ ಸಹಾಯ ಮಾಡತ್ತೆ. ಈ ಸ್ಟೇರಿಂಗ್ ಕತೆ ಶುರುವಾಗಿದ್ದು ಮೇ ತಿಂಗಳಲ್ಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಮೊದಲ ಸಲ ತಿರುಗಿಸಿದ್ರೆ ಕರು ಕೂಗ್ದಂಗೆ ಒಂದು ಸದ್ದು, ಐದು ನಿಮಿಷಕ್ಕೆ ಸರಿಹೋಗ್ತಿತ್ತು. ಬೇಲೂರು ರೋಡ್ ಕಡೆ ಒಂದು ಗ್ಯಾರೇಜು, ಹತ್ತು ವರ್ಷದಿಂದ ನಾನು ಅಲ್ಲಿಗೇ ಹೋಗೋದು, ಮೇಸ್ತ್ರಿ ಒಳ್ಳೆ ಮನುಷ್ಯ, ದುಡ್ಡಿಗೆ ಬಾಯಿ ಬಿಡೋನಲ್ಲ. ಬಾನೆಟ್ ಎತ್ತಿದ್ರು. ಪಕ್ಕದಲ್ಲಿ ಒಬ್ಬ ಹುಡುಗ, ತರೀಕೆರೆ ಕಡೆಯೋನು, ಹದಿನೆಂಟೋ ಹತ್ತೊಂಬತ್ತೋ ಇರ್ಬೇಕು, ಸ್ಟೇರಿಂಗ್ ಎಣ್ಣೆ ಡಬ್ಬಿ ಮುಚ್ಚಳ ತೆಗೆದು ಬಗ್ಗಿ ನೋಡಿ "ಅಣ್ಣ, ಇದ್ರಲ್ಲಿ ನೊರೆ ಬರ್ತಿದೆ" ಅಂದ.

ಮೇಸ್ತ್ರಿ ತಲೆ ಎತ್ತದೇ ಅಂದ್ರು, "ನೀನ್ ಸುಮ್ನಿರೋ, ಹದಿನಾಲ್ಕರ ಸ್ಪ್ಯಾನರ್ ತಾ."

ನಾನು ನಕ್ಕೆ. ಇದನ್ನ ಬರೀಲೇಬೇಕು ಅಂತ ಕೂತಿದ್ದೇ ಆ ನಗುವಿಗೋಸ್ಕರ.

ಆಮೇಲೆ ಆಗಿದ್ದು ಇಷ್ಟು. ಮೇನಲ್ಲಿ ಬೆಲ್ಟ್ ಚೇಂಜ್, 650. ಒಂದು ವಾರ ಚೆನ್ನಾಗಿತ್ತು, ಅಥವಾ ದುಡ್ಡು ಕೊಟ್ಟಿದ್ದಕ್ಕೆ ನನಗೆ ಹಂಗನ್ನಿಸ್ತು. ಜೂನಲ್ಲಿ ಎಣ್ಣೆ ಪೂರ್ತಿ ತೆಗೆದು ಹೊಸದು ಹಾಕಿದ್ರು. ಆಗಸ್ಟಲ್ಲಿ ಪಂಪೇ ಹೋಗಿದೆ ಅಂತ ಬೆಂಗಳೂರಿಂದ ಸೆಕೆಂಡ್ ಹ್ಯಾಂಡ್ ಪಂಪು ತರ್ಸಿ ಹಾಕಿದ್ರು, ಲೇಬರ್ ಸೇರಿ 8,500. ಹದಿನೈದೇ ದಿನಕ್ಕೆ ಕರು ಮತ್ತೆ ಕೂಗ್ತು. ಈಗ ರ‍್ಯಾಕ್ ಬಿಚ್ಚಬೇಕು, ಸ್ಟೇರಿಂಗ್ ತಿರುವನ್ನ ಚಕ್ರಕ್ಕೆ ಮುಟ್ಟಿಸೋ ಭಾಗ ಅದು, 16 ಸಾವಿರ ಆಗತ್ತೆ ಅಂದಿದ್ರು. ಮಾರಿಬಿಡಿ ಅಂತ ಮನೇಲಿ ರಾಗ. 2022ಕ್ಕೆ ಹದಿನೈದು ವರ್ಷ ತುಂಬಿ, ಐದು ಸಾವಿರ ಫೀಸ್ ಕಟ್ಟಿ, ಆರ್‌ಟಿಓ ಮುಂದೆ ಬಿಸಿಲಲ್ಲಿ ನಿಂತು ಆರ್‌ಸಿ ರಿನ್ಯೂವಲ್ ಮಾಡ್ಸಿದೀನಿ, 2027ರವರೆಗೆ ಇದೆ, ಅಲ್ಲೀವರೆಗೆ ಓಡಿಸೇ ಓಡಿಸ್ತೀನಿ ಅಂತ ನನ್ನ ಹಟ.

ಸೋಮವಾರ ಬೆಳಿಗ್ಗೆ ಗ್ಯಾರೇಜಿಗೆ ಹೋದ್ರೆ ಮೇಸ್ತ್ರಿ ಇಲ್ಲ, ಕಡೂರಲ್ಲಿ ಯಾರದೋ ಮದುವೆ, ಮಧ್ಯಾಹ್ನ ಬರ್ತಾರಂತೆ. ಹುಡುಗ ಒಬ್ಬನೇ. ಕಾಯ್ತೀನಿ ಅಂತ ಕೂತೆ. ಅವನು ಹತ್ತು ನಿಮಿಷ ಬೇರೆ ಯಾವುದೋ ಗಾಡಿ ಚಕ್ರ ಬಿಚ್ಚಿದ, ಆಮೇಲೆ ತಡ್ಕೊಳ್ಳಕ್ಕಾಗ್ದೆ ಬಂದು "ಅಣ್ಣ, ಒಂದ್ಸಲ ನೋಡ್ಲಾ?" ಅಂದ.

ಎಂಜಿನ್ ಸ್ಟಾರ್ಟ್ ಮಾಡ್ಸಿ ಡಬ್ಬಿ ಮುಚ್ಚಳ ತೆಗೆದು ನನ್ನನ್ನೂ ಕರೆದ. ಕೆಂಪಗೆ ಇರ್ಬೇಕಾದ ಎಣ್ಣೆ ರೋಸ್ ಮಿಲ್ಕ್ ಥರ ಆಗಿ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಆಮೇಲೆ ಗಾಡಿ ಕೆಳಗೆ ತೂರಿ ರ‍್ಯಾಕ್‌ನ ಎರಡೂ ಕಡೆ ರಬ್ಬರ್ ಬೂಟು ಹಿಚುಕಿ ನೋಡಿದ. "ಸೀಲ್ ಹೋಗಿದ್ರೆ ಎಣ್ಣೆ ಇದ್ರೊಳಗೆ ತುಂಬ್ಕೊಂಡಿರ್ಬೇಕಿತ್ತು ಅಣ್ಣ, ಎರಡೂ ಒಣಗಿದೆ." ಹಂಗಾದ್ರೆ ಎಲ್ಲಿಂದ ಲೀಕು, ನೆಲದ ಮೇಲೆ ಒಂದು ತೊಟ್ಟೂ ಬೀಳ್ತಿಲ್ವಲ್ಲ ಅಂದೆ. ಡಬ್ಬಿಯಿಂದ ಪಂಪಿಗೆ ಹೋಗೋ ದಪ್ಪ ಹೋಸ್ ತೋರಿಸ್ದ, ಹೆಬ್ಬೆರಳು ದಪ್ಪ ಇರ್ಬೋದು, ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆ ಥರ ಒಂದು ಸೀಳು. "ಇದು ಪಂಪು ಎಳ್ಕೊಳ್ಳೋ ಕಡೆ. ಇಲ್ಲಿ ಎಣ್ಣೆ ಹೊರಗ್ ಬರಲ್ಲ, ಗಾಳಿ ಒಳಗ್ ಹೋಗತ್ತೆ. ಎಳನೀರು ಸ್ಟ್ರಾದಲ್ಲಿ ತೂತಿದ್ರೆ ಬರೀ ಸೊರ್ ಅನ್ನತ್ತಲ್ಲ, ಹಂಗೆ."

ಎಳನೀರು ಸ್ಟ್ರಾ! ನಾಲ್ಕು ತಿಂಗಳು, ಹತ್ತು ಸಾವಿರದ ಮೇಲೆ ಖರ್ಚು, ಯಾರೂ ಇಷ್ಟು ಅರ್ಥ ಆಗೋ ಹಂಗೆ ಹೇಳಿರ್ಲಿಲ್ಲ.

ಹೋಸು, ಎರಡು ಕ್ಲಿಪ್ಪು, ಪಂಪಿನ ಬಾಯಿಗೆ ಒಂದು ಓರಿಂಗು, ಎಲ್ಲಾ ಸೇರಿ 340 ರೂಪಾಯಿ, ನಾನೇ ಹೋಗಿ ತಂದೆ. ಮುಂದಿನ ಎರಡು ಚಕ್ರ ಜಾಕಿ ಕೊಟ್ಟು ಎತ್ತಿ, ಎಂಜಿನ್ ಆಫ್ ಇಟ್ಕೊಂಡೇ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಅಂದ. ತಿರುಗಿಸ್ದೆ. ಇಪ್ಪತ್ತು ಸಲ ಆಗಿರ್ಬೇಕು. ಅವನು ಡಬ್ಬಿ ಹತ್ರ ಬಗ್ಗಿ ಗುಳ್ಳೆ ನೋಡ್ತಾ ಎಣ್ಣೆ ಹಾಕ್ತಾ ಇದ್ದ, ಹಾಲು ಕಾಯಿಸೋರು ಪಾತ್ರೆ ನೋಡ್ತಾರಲ್ಲ ಹಂಗೆ. ಆಮೇಲೆ ಸ್ಟಾರ್ಟ್ ಮಾಡಿ ಅಂದ. ಸದ್ದಿಲ್ಲ. ಒಂದು ಬೆರಳಲ್ಲಿ ತಿರುಗ್ತಿದೆ.

"ನೀನು ಅವತ್ತೇ ನೊರೆ ಅಂದಿದ್ದೆ ಅಲ್ವೇನೋ?" ಅಂತ ಕೇಳ್ದೆ.

"ನಾನಾ? ನೆನಪಿಲ್ಲ ಅಣ್ಣ" ಅಂದ. ನೆನಪಿದೆ ಅವನಿಗೆ. ಕಿವಿ ಕೆಂಪಾಯ್ತು.

ಸೋಮವಾರದಿಂದ ಇದೇ ತಲೇಲಿ ಓಡ್ತಿದೆ. ಅಣ್ಣ ಇದ್ರಲ್ಲಿ ನೊರೆ ಬರ್ತಿದೆ. ನೀನ್ ಸುಮ್ನಿರೋ. ನಾನ್ ನಗೋದು. ಮೇಸ್ತ್ರಿಗೆ ಕೆಲಸದ ಗಡಿಬಿಡಿ, ಬೈದ್ರು, ಅದು ಗ್ಯಾರೇಜಿನ ಮಾಮೂಲು ಭಾಷೆ. ನನಗೇನಿತ್ತು? ನಾನು ಕೈಕಟ್ಟಿ ನಿಂತಿದ್ದವನು, ಆ ಡಬ್ಬಿ ಒಳಗೆ ಒಂದ್ಸಲ ಬಗ್ಗಿ ನೋಡಿದ್ರೆ ನನಗೂ ಕಾಣ್ತಿತ್ತು. ಮೇಸ್ತ್ರಿ ಮುಂದೆ ನಾನೂ ದೊಡ್ಡವರ ಕಡೆಯವನು ಅಂತ ತೋರಿಸ್ಕೊಳ್ಳೋಕೆ ನಕ್ಕಿದ್ದು, ಬೇರೇನಿಲ್ಲ.

ಇಂಥದ್ದೇ ಒಂದು ನಗು ನನಗೂ ಬಿದ್ದಿತ್ತು. ಎಂಟನೇ ಕ್ಲಾಸಿರ್ಬೇಕು, ಜನವರಿ, ಕಣದ ತುಂಬ ಕಾಫಿ ಹರಡಿತ್ತು, ಗುಡ್ಡದ ಆ ಕಡೆ ಮೋಡ ನೋಡಿ ಅಪ್ಪನಿಗೆ ಮಳೆ ಬರತ್ತೆ ಟಾರ್ಪಲ್ ಮುಚ್ಚೋಣ ಅಂದೆ. ಅಪ್ಪ ಜಗಲಿ ಮೇಲೆ ಯಾರ ಜೊತೆಗೋ ರೇಟ್ ಮಾತಾಡ್ತಿದ್ರು, "ಸುಮ್ನಿರೋ, ಜನವರಿಲಿ ಎಂಥ ಮಳೆ" ಅಂದ್ರು, ಬಂದಿದ್ದ ಮನುಷ್ಯ ಜೋರಾಗಿ ನಕ್ಕ. ಸಾಯಂಕಾಲ ಅಷ್ಟೂ ಕಾಫಿ ನೆಂದು ತೊಪ್ಪೆ. ಅಪ್ಪ ಬೈದಿದ್ದು ಅವತ್ತು ರಾತ್ರಿಗೇ ಮರೆತುಹೋಯ್ತು. ಆ ಮನುಷ್ಯನ ಹಲ್ಲು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ, ಅವನ ಹೆಸರು ಕೂಡ ನನಗೆ ಗೊತ್ತಿಲ್ಲ. ಅದಾದ್ಮೇಲೆ ಎಷ್ಟೋ ಸಲ ಮೋಡ ಕಂಡ್ರೂ ನಾನು ಬಾಯಿ ಬಿಡ್ಲಿಲ್ಲ. ಈ ಹುಡುಗನೂ ಪಂಪು ಹಾಕ್ವಾಗ ಪಕ್ಕದಲ್ಲೇ ಟಾರ್ಚ್ ಹಿಡ್ಕೊಂಡು ನಿಂತಿದ್ದ, ಒಂದು ಮಾತಾಡ್ಲಿಲ್ಲ.

ಮೇಸ್ತ್ರಿ ಎರಡು ಗಂಟೆಗೆ ಬಂದ್ರು, ಊಟದ ಎಲೆಅಡಿಕೆ ಬಾಯಲ್ಲೇ ಇತ್ತು. ಬಾನೆಟ್ ಕೆಳಗೆ ಬಗ್ಗಿ ಹೊಸ ಹೋಸ್ ನೋಡಿದ್ರು, ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿ ನೋಡಿದ್ರು. "ಹೂಂ, ನಾನು ಹೇಳಿದ್ನಲ್ಲ ಸಾರ್, ಹೋಸ್ ಕಡೆ ಒಂದು ಡೌಟ್ ಇತ್ತು ಅಂತ" ಅಂದ್ರು. ಯಾವತ್ತೂ ಹೇಳಿರ್ಲಿಲ್ಲ. ಪಂಪಿನ 8,500ರ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ, ಹತ್ತು ವರ್ಷದ ಪರಿಚಯ.

ಹುಡುಗ ನಲ್ಲಿ ಹತ್ರ ಕೂತು ಸೋಪಿನ ಪುಡಿ ಹಾಕಿ ಕೈ ತಿಕ್ತಿದ್ದ. ಮೇಸ್ತ್ರಿ ಮಾತಿಗೆ ತಲೆ ಎತ್ತಿ ನನ್ನ ಕಡೆ ನೋಡ್ದ. ಅಷ್ಟೇ, ಒಂದು ಕ್ಷಣ.

ನಾನು "ಹೌದೌದು" ಅಂದ್ಬಿಟ್ಟೆ.